ಖಾಸ್ ಮೆಹಮಾನ್

ಡ್ರೈವರನ ಹಿಂದಿನ ಕಿಟಕಿ ಸೀಟಿನಲ್ಲಿ ಗುಂಡಮ್ಮ ಕೂತಿದ್ದಳು.

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಕೇಶರಬಾಯಿ ಹಾಗೆಯೇ ನಿಂತುಬಿಟ್ಟಳು. ಹಿಂದಿನಿಂದ ಕ್ಲೀನರ್ ಖಾಜಾ ಮಿಯಾ, "ನಡೀರಿ ಬಾಯಿ, ಒಳಗ ನಡೀರಿ, ಮಂದಿ ನಿಂತದ" ಎಂದು ಅವಳ ಗಂಟನ್ನು ನೂಕಿದ. ಗುಂಡಮ್ಮ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಕಿಟಕಿಯತ್ತ ಮುಖ ತಿರುಗಿಸಿದ್ದಳು. ಆದರೆ ಕೊರಳಲ್ಲಿದ್ದ ಬೆಳ್ಳಿಯ ಲಿಂಗದ ಕರಡಿಗೆ, ಮುಂಗೈ ಮೇಲಿನ ಹಚ್ಚೆ ಕಂಡ ಮೇಲೆ ಗುರುತು ಹಿಡಿಯಲು ಮುಖ ಬೇಕಾಗಿರಲಿಲ್ಲ. ಡಾಬಕಾದ ಮಡೆಪ್ಪನ ತಾಯಿ. ಕೇಶರಬಾಯಿ ಮದುವೆಯಾಗಿ ಆ ಊರಿಗೆ ಬಂದ ವರ್ಷದಿಂದ ಅವರ ಹೊಲದಲ್ಲೇ ಕಳೆ ತೆಗೆದಿದ್ದಳು, ತೊಗರಿ ಕೊಯ್ದಿದ್ದಳು. ಮಧ್ಯಾಹ್ನ ರೊಟ್ಟಿಯ ಬುಟ್ಟಿ ಬಂದಾಗ ಬದುವಿನ ಈ ಕಡೆ ಕೂತು ಉಂಡಿದ್ದಳು. ಆ ಕಡೆ ಎಂದೂ ಹೋಗಿರಲಿಲ್ಲ, ಯಾರೂ ಕರೆದಿರಲೂ ಇಲ್ಲ.

"ಅಮ್ಮಾ, ಅದು ನನ್ನ ಸೀಟು ಅದ್ರಿ," ಎಂದಳು ಕೇಶರಬಾಯಿ.

ಗುಂಡಮ್ಮ ತಿರುಗಲಿಲ್ಲ. "ನನಗ ಇಲ್ಲೇ ಕೂಡಂದಾರ," ಎಂದಳು. ಅವಳ ಪಕ್ಕದ ಸೀಟಿನಲ್ಲಿ ಹಳೆಯ ಕೌದಿಯಲ್ಲಿ ಕಟ್ಟಿದ ದೊಡ್ಡ ಗಂಟು ಮನುಷ್ಯನ ಹಾಗೆ ಕೂತಿತ್ತು. ಹಿಂದಿನ ಸೀಟಿನಲ್ಲಿದ್ದ ಮಡೆಪ್ಪ ಮತ್ತು ಅವನ ಹೆಂಡತಿ ಕೇಶರಬಾಯಿಯನ್ನು ನೋಡಿಯೂ ನೋಡದಂತೆ ತಲೆ ತಗ್ಗಿಸಿದರು.

ಕೇಶರಬಾಯಿ ಗಂಟನ್ನು ಮೆಟ್ಟಿಲ ಹತ್ತಿರವೇ ಬಿಟ್ಟು ಕೆಳಗಿಳಿದಳು.

ಬಸ್ಸು ಬೀದರದ ಶಿವರಾಜಪ್ಪನವರದು. ಬೀದರದಿಂದ ಹೊರಟು ಔರಾದಿಗೆ ಬಂದು, ಉದಗೀರ, ಲಾತೂರಿನ ಮೇಲೆ ಪುಣೆಗೆ ಹೋಗುತ್ತಿತ್ತು. ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ ಈ ಬಸ್ಸು ಅರ್ಧ ಖಾಲಿ ಓಡುತ್ತಿತ್ತು. ಆಗಲೂ ಸುಗ್ಗಿ ಮುಗಿದ ಮೇಲೆ ಪುಣೆಯ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವರು ಕೇಶರಬಾಯಿಯಂಥ ಹೊಲವಿಲ್ಲದವರು ಮಾತ್ರ. ಅವರಲ್ಲೂ ಅರ್ಧ ಜನ ಭಾಲ್ಕಿಯಿಂದ ಪರದೆ, ಟೀವಿ ಎಲ್ಲ ಇದ್ದ ಬೇರೆಯವರ ಬಸ್ಸು ಶುರುವಾದಾಗ ಆ ಕಡೆ ತಿರುಗಿದರು. ಆಗ ಶಿವರಾಜಪ್ಪನವರು ಒಂದು ಉಪಾಯ ಮಾಡಿದರು. ವರ್ಷವರ್ಷವೂ ತಮ್ಮ ಬಸ್ಸನ್ನೇ ಹತ್ತುವವರನ್ನು ಬೀದರಿಗೆ ಕರೆಸಿ, ಒಂದು ಮದುವೆ ಹಾಲಿನಲ್ಲಿ ಖುರ್ಚಿಯ ಮೇಲೆ ಕೂರಿಸಿ, ಶಾಲು ಹೊದಿಸಿ, ಬಂಗಾರದ ಅಂಚಿನ ದಪ್ಪ ಕೆಂಪು ಕಾರ್ಡು ಕೊಟ್ಟರು. 'ಖಾಸ್ ಮೆಹಮಾನ್', ಅಂದರೆ ವಿಶೇಷ ಅತಿಥಿ, ಎಂದು ಅದರ ಮೇಲೆ ಬರೆದಿತ್ತು, ಕೇಶರಬಾಯಿಗೆ ಸಿಕ್ಕಿದ್ದರಲ್ಲಿ ಕೆಳಗೆ ಅವಳ ಫೋಟೋ. ಆ ಕಾರ್ಡು ಇದ್ದವರಿಗೆ ಮುಂದಿನ ಸೀಟು, ಹೊದೆಯಲು ಒಂದು ಬ್ಲಾಂಕೆಟು. ಎಲ್ಲಕ್ಕಿಂತ ಮುಖ್ಯವಾಗಿ, ಬಸ್ಸು ಬಂದು ನಿಂತೊಡನೆ ಅವರ ಹೆಸರು ಹಿಡಿದು ಮೊದಲು ಕರೆಯುವುದು.

"ಊರು ಬಿಟ್ಟು ಹೋಗೋದಕ್ಕ ಇನಾಮು ಕೊಡ್ಲಿಕ್ಹತ್ಯಾರ," ಎಂದು ಗಂಡ ಮಾಣಿಕ ನಕ್ಕಿದ್ದ.

"ಯಾರರೆ ಕೊಟ್ಟಾರಲಾ," ಎಂದಿದ್ದಳು ಅವಳು.

ಸೀಟು, ಬ್ಲಾಂಕೆಟು ಅವಳಿಗೆ ಅಂಥ ದೊಡ್ಡದಾಗಿರಲಿಲ್ಲ. ಔರಾದಿನ ಟಿಕೀಟು ಟೇಬಲ್ಲಿನ ಮುಜೀಬೋದ್ದೀನ ಎದ್ದು ನಿಂತು, "ಡಾಬಕಾದ ಕೇಶರಬಾಯಿ ಮಾಣಿಕರಾವ್ ಅವರು ಮೊದಲು ಬರಬೇಕು" ಎಂದು ಕೂಗುತ್ತಿದ್ದನಲ್ಲ, ಅದು ದೊಡ್ಡದಾಗಿತ್ತು. ಆ ಕೂಗಿಗೆ ನಾಲ್ಕು ಮಂದಿ ಸರಿದು ದಾರಿ ಬಿಡುತ್ತಿದ್ದರು. ಊರಿನಲ್ಲಿ ನೀರಿನ ಟ್ಯಾಂಕರು ಮೊದಲು ದೊಡ್ಡ ಓಣಿಗೆ ಹೋಗಿ, ಅಲ್ಲಿಯ ನೀರಿನ ತೊಟ್ಟಿಗಳೆಲ್ಲ ತುಂಬಿದ ಮೇಲೆ ಬುದ್ಧವಿಹಾರದ ಹಿಂದಿನ ಅವಳ ಓಣಿಗೆ ಬರುವಾಗ ಪೈಪಿನಿಂದ ಕೆಸರು ಬರುತ್ತಿತ್ತು. ರೇಶನ್ ಅಂಗಡಿಯಲ್ಲಿ ಅವಳು ಬೆಳಗ್ಗೆ ಹೋಗಿ ನಿಂತರೂ ಸರದಿ ಬರುವುದು ಸಂಜೆಗೇ. ತನ್ನ ಹೆಸರನ್ನು ಇಡಿಯಾಗಿ, ಗಂಡನ ಹೆಸರಿಗೆ 'ರಾವ್' ಸೇರಿಸಿ, ಯಾರಾದರೂ ಮೊದಲು ಕರೆಯುತ್ತಿದ್ದರೆ ಅದು ಈ ಒಂದು ಜಾಗದಲ್ಲಿ ಮಾತ್ರ.

ಈ ಸಲ ಮುಜೀಬೋದ್ದೀನ ಕೂಗಿರಲಿಲ್ಲ. ಟೇಬಲ್ಲಿನ ಸುತ್ತ ಜನ ಮುಗಿಬಿದ್ದಿದ್ದರು. ಎರಡನೆಯ ವರ್ಷವೂ ಮಳೆ ಕೈಕೊಟ್ಟು ಬಾವಿಗಳ ತಳದಲ್ಲಿ ಹುಲ್ಲು ಹುಟ್ಟಿತ್ತು. ಎಂದೂ ಊರ ಸೀಮೆ ದಾಟದವರೆಲ್ಲ ಪಾತ್ರೆ ಪರಡಿ ಕಟ್ಟಿಕೊಂಡು ಬಂದು ನಿಂತಿದ್ದರು. ಕೇಶರಬಾಯಿ ಮೊಣಕೈಯಿಂದ ದಾರಿ ಮಾಡಿಕೊಂಡು ಹೋಗಿ ಕಾರ್ಡನ್ನು ಅವನ ಮುಂದೆ ಇಟ್ಟಳು.

"ಮುಜೀಬ್ ಭಾಯಿ, ನನ್ನ ಸೀಟಿನ್ಯಾಗ ಯಾರಿಗಿ ಕೂಡ್ಸೀರಿ?"

ಮುಜೀಬೋದ್ದೀನ ಮೆಹಂದಿ ಹಚ್ಚಿದ ಗಡ್ಡವನ್ನು ಕೆರೆದುಕೊಂಡ. "ಅಕ್ಕಾ, ಸಿಟ್ಟಾಗಬ್ಯಾಡ್ರಿ. ಈ ಸಲ ಕಾರ್ಡು ಚಾಲೂ ಇಲ್ಲ."

"ಯಾವಾಗಿಂದ?"

"ನಿನ್ನಿ ಸೇಠ್ ಫೋನ್ ಮಾಡಿದ್ರು. ಮುಂದಿನ ಸೀಟು ಜಾಸ್ತಿ ಕೊಟ್ಟವರಿಗಿ ಕೊಡು ಅಂದ್ರು. ಮಡೆಪ್ಪ ಅವರವ್ವಗ ಎರಡೂ ಸೀಟು ಹಿಡದಾನ. ಆಕಿ ಹೊರಗಿನವರ ಸಂಗಾಟ ಕೂಡಾಂಗಿಲ್ಲಂತ."

"ಹೊರಗಿನವರಂದ್ರ ಯಾರ್ರಿ?"

ಅವನು ಬೇರೆ ಯಾರದೋ ಟಿಕೀಟು ಹರಿದು ಕೊಟ್ಟ.

"ಸಾಹುಕಾರ್ರಿಗಿ ಫೋನ್ ಹಚ್ರಿ," ಎಂದಳು ಕೇಶರಬಾಯಿ. "ಹಚ್ರಿ ಅಂದೆ. ಶಾಲು ಹೊಚ್ಚಿದವರು ಅವರೇ. ಅವರೇ ಹೇಳ್ಲಿ."

ಮುಜೀಬೋದ್ದೀನ ಒಳ್ಳೆಯವನು. ಹೋದ ವರ್ಷ ಅವಳಿಗೆ ಜ್ವರ ಬಂದಾಗ ಮನೆಯಿಂದ ಚಹಾ ತರಿಸಿ ಕುಡಿಸಿದ್ದ. ಅವಳ ಮುಖ ನೋಡಿ ಫೋನು ಹಚ್ಚಿದ. ಗದ್ದಲದಲ್ಲಿ ಕೇಳಲೆಂದು ದನಿ ದೊಡ್ಡದು ಮಾಡಿದ್ದರಿಂದ ಬೀದರದಲ್ಲಿ ಕೂತ ಶಿವರಾಜಪ್ಪನವರ ಮಾತು ಅವಳಿಗೂ ಕೇಳಿಸಿತು.

"ಯಾರು, ಕೇಶರಬಾಯಿಯೇನು? ಆಕಿ ನಮ್ಮ ಮನಿ ಮಂದಿ ಇದ್ದಂಗ. ನಡುದಾರಿಯಾಗ ಹಲಗಿ ಮ್ಯಾಗ ಹೊಂದಿಸ್ಕೊಂಡು ಹೋಗ್ತಾಳ ಬಿಡು. ಹೊಸಬರಿಗಿ ಮೊದಲನೇ ಸಲಾನೇ ತ್ರಾಸಾದ್ರ ಭಾಲ್ಕಿ ಬಸ್ಸಿಗಿ ಹೋಗ್ತಾರ. ಹಳಬರು ಎಲ್ಲಿ ಹೋಗ್ತಾರ, ಮುಜೀಬ್?"

ಕೇಶರಬಾಯಿ ಟೇಬಲ್ಲಿನ ಮೇಲೆ ಬಾಗಿ ಫೋನಿಗೆ ಬಾಯಿ ಹಚ್ಚಿದಳು. "ಸಾಹುಕಾರ್ರ, ಮನಿ ಮಂದಿಗಿ ನಡುದಾರಿಯಾಗ ಕೂಡ್ಸತಾರೇನ್ರಿ?"

ಆ ಕಡೆಯ ದನಿ ಬೆಣ್ಣೆಯಾಯಿತು. "ಹಾಂಗಲ್ಲ ಬಾಯಿ. ಈಗ ಟೈಮ್ ಹಾಂಗ ಅದ. ಮಳಿ ಆಗ್ಲಿ. ಮಳಿ ಆದ ವರ್ಷ ಮತ್ತ ಕಾರ್ಡು ಚಾಲೂ ಮಾಡ್ತೇವಿ."

"ಮಳಿ ಆದ್ರ ನಾ ಯಾಕ ನಿಮ್ಮ ಬಸ್ ಹತ್ಲಿರಿ?"

ಸುತ್ತಲಿದ್ದ ಒಂದಿಬ್ಬರು ನಕ್ಕರು. ಶಿವರಾಜಪ್ಪನವರೂ ನಕ್ಕರು. ಅವಳು ಹಾಗೆ ಅಂದಳೇ ಹೊರತು ಅದು ನಿಜವಲ್ಲ. ಮಳೆಯಾದ ವರ್ಷವೂ ಸುಗ್ಗಿ ಮುಗಿದ ಮೇಲೆ ಅವಳು ಈ ಬಸ್ಸನ್ನು ಹತ್ತಿದ್ದಳು, ಮುಂದೆಯೂ ಹತ್ತುವಳು. ಅದು ಅವಳಿಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ನಕ್ಕದ್ದು ಅದಕ್ಕೇ.

ಫೋನು ಇಟ್ಟ ಮೇಲೆ ಮುಜೀಬೋದ್ದೀನ ಮೆಲ್ಲಗೆ ಹೇಳಿದ: "ಬ್ಯಾಡಂದ್ರ ರೊಕ್ಕ ವಾಪಸ್ ಕೊಡ್ತೇನಿ ಅಕ್ಕಾ. ಭಾಲ್ಕಿಗಿ ಹೋಗಿ ಆ ಬಸ್ ಹಿಡೀರಿ. ಅಲ್ಲಿ ನೀವು ಹೊಸಬರು. ಮುಂದಿನ ಸೀಟು ಕೊಟ್ರೂ ಕೊಡ್ಬಹುದು."

ಅವನು ಚೇಷ್ಟೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಅವಳ ಒಳಿತಿಗೇ ಹೇಳುತ್ತಿದ್ದ. ಆದರೆ ಆ ಬಸ್ಸು ಹೊರಡುವುದು ನಾಳೆ. ಮಾಣಿಕ ಮೊದಲೇ ಹೋಗಿ ಕಟ್ಟಡದ ಹತ್ತಿರ ಒಂದು ತಗಡಿನ ಶೆಡ್ಡು ಹಿಡಿದು ಕೂತಿದ್ದ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ನಿಂತರೆ ಮಾತ್ರ ಶೆಡ್ಡು ಎಂದು ಕೂಲಿಯವರನ್ನು ಕೆಲಸಕ್ಕೆ ಹಚ್ಚುವ ಮುಕಾದಮ ಖಡಾಖಂಡಿತ ಹೇಳಿದ್ದ. ನಾಳೆ ಬೆಳಗ್ಗೆ ಅವಳು ಅಲ್ಲಿ ಇರದಿದ್ದರೆ ಅದು ಬೇರೆಯವರ ಪಾಲಾಗುತ್ತಿತ್ತು. ಈ ವರ್ಷ ಬೇರೆಯವರಿಗೇನೂ ಕಡಿಮೆ ಇರಲಿಲ್ಲ.

"ಇದಕ್ಕೇನು ಮಾಡ್ಲಿ?" ಎಂದು ಕಾರ್ಡು ತೋರಿಸಿದಳು.

"ಇರ್ಲಿ, ಇಟ್ಕೊಳ್ರಿ. ಮುಂದ ಚಾಲೂ ಆದ್ರ…"

ಅವಳು ಅದನ್ನು ಟೇಬಲ್ಲಿನ ಮೇಲೆಯೇ ಬಿಟ್ಟು ನಡೆದಳು. ತಿರುಗಿ ನೋಡಿದಾಗ ಮುಜೀಬೋದ್ದೀನ ಗಾಳಿಗೆ ಹಾರುತ್ತಿದ್ದ ಟಿಕೀಟುಗಳ ಮೇಲೆ ಅದನ್ನು ಭಾರಕ್ಕೆ ಇಟ್ಟಿದ್ದ.

ಬಸ್ಸಿನ ನಡುದಾರಿಯಲ್ಲಿ ಬಣ್ಣದ ಡಬ್ಬಿಗಳ ಮೇಲೆ ಹಲಗೆ ಇಟ್ಟಿದ್ದರು. ಖಾಜಾ ಮಿಯಾ ಅವಳಿಗೆ ತೋರಿಸಿದ್ದು ಎಲ್ಲಕ್ಕಿಂತ ಮುಂದಿನ ಹಲಗೆ, ಗುಂಡಮ್ಮನ ಗಂಟಿನ ಮಗ್ಗುಲಿಗೆ. "ನಿಮಗ ಮುಂದ ಅಂದ್ರ ಮುಂದೇ ಕೊಟ್ಟೇನಿ ನೋಡ್ರಿ" ಎಂದ. ಕೇಶರಬಾಯಿ ಮೊಣಕಾಲು ಮಡಚಿ ಕೂತಳು. ಅವಳ ಹೆಗಲು ಆ ಗಂಟಿಗೆ ತಗಲುತ್ತಿತ್ತು.

ಬಸ್ಸು ಊರು ದಾಟಿತು. ಎರಡೂ ಕಡೆ ಬಿರುಕು ಬಿಟ್ಟ ಕರಿನೆಲ, ಮೇಯಲು ಏನೂ ಇಲ್ಲದೆ ನಿಂತ ದನ. ಗುಂಡಮ್ಮ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಇಷ್ಟು ದೂರ ಬಸ್ಸಿನಲ್ಲಿ ಕೂತು ಅಭ್ಯಾಸವಿಲ್ಲದ ಆಕೆ ತಿರುವು ಬಂದಾಗಲೆಲ್ಲ ಮುಂದಿನ ಸರಳನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಸೆರಗು ಸರಿಸಿ ಕೆಳಗೆ ನೋಡಿದಳು.

"ಕೇಶರಾ, ನಿಂದೇ ಸೀಟು ಅಂತ ನನಗ ಖರೇನೇ ಗೊತ್ತಿರಲಿಲ್ಲ."

"ಇರ್ಲಿ ಬಿಡ್ರಿ ಅಮ್ಮಾ."

"ಮಡೆಪ್ಪ ಎಲ್ಲಾ ಮಾಡ್ಯಾನ. ನಿನ್ನ ಗಂಡ ಇರೋ ಕಟ್ಟಡಕ್ಕೇ ಹೊಂಟೇವಂತ. ನಾ ಬರಾಂಗಿಲ್ಲ ಅಂದೆ. ಕೇಳಲಿಲ್ಲ." ಗುಂಡಮ್ಮ ಹಿಂದೆ ಕೂತ ಮಗ ಕೇಳಿಸಿಕೊಳ್ಳದ ಹಾಗೆ ದನಿ ತಗ್ಗಿಸಿದಳು. "ಅಲ್ಲಿ ಏನು ಕೆಲಸಾ ಹಚ್ತಾರ?"

"ಇಟ್ಟಂಗಿ ಹೊರೋದು. ಉಸುಕು ಸೋಸೋದು."

"ನನಗ ಆಗ್ತದಂತಿಯೇನು?"

ಕೇಶರಬಾಯಿ ಆ ಕೈಗಳನ್ನು ನೋಡಿದಳು. ರೊಟ್ಟಿ ಬಡಿದು ಬಡಿದು ಅಗಲವಾದ ಕೈಗಳು, ಆದರೆ ಅಂಗೈಯಲ್ಲಿ ದಡ್ಡು ಇರಲಿಲ್ಲ. "ಆಗ್ತದ್ರಿ. ಆಗ್ಲಿಲ್ಲಂದ್ರೂ ಮಾಡಿಸ್ತಾರ," ಎಂದಳು.

ಗುಂಡಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಕುಡಿಯೋ ನೀರು? ನೀರು ಎಲ್ಲಿಂದ ತರ್ತೀರಿ?"

ತರ್ತೀರಿ. ಇಷ್ಟು ವರ್ಷಗಳಲ್ಲಿ ಆ ಬಾಯಿಂದ ತನಗಾಗಿ ಆ 'ರಿ' ಬಂದದ್ದನ್ನು ಕೇಶರಬಾಯಿ ಕೇಳಿರಲಿಲ್ಲ. ತನ್ನೊಬ್ಬಳಿಗೇ ಅಂದದ್ದೋ, ಅಲ್ಲಿರುವವರಿಗೆಲ್ಲ ಸೇರಿಸಿ ಅಂದದ್ದೋ, ಹೇಳುವಂತಿರಲಿಲ್ಲ. ಪುಣೆಯ ಆ ಕಟ್ಟಡದ ಹತ್ತಿರ ಗೋಡೆಗೆ ಹಚ್ಚಿದ ನಾಲ್ಕು ನಲ್ಲಿ ಇದ್ದವು. ಮುಂಜಾನೆ, ಸಂಜೆ ನೀರು ಬರುತ್ತಿತ್ತು. ಯಾರು ಮೊದಲು ಕೊಡ ಇಟ್ಟರೆ ಅವರದು. ಯಾರೂ ಯಾರನ್ನೂ ಯಾವ ಓಣಿಯವರೆಂದು ಕೇಳುತ್ತಿರಲಿಲ್ಲ.

"ಟ್ಯಾಂಕರ್ ಬರ್ತದ್ರಿ," ಎಂದಳು ಕೇಶರಬಾಯಿ. "ಹಳಬರು ಮೊದಲು ತುಂಬ್ಕೋತಾರ. ಹೊಸಬರು ದೂರ ನಿಂದರಬೇಕು. ಅವರದು ಆದ ಮ್ಯಾಗ ಉಳದ್ರ ಇವರಿಗಿ."

ಗುಂಡಮ್ಮನ ಮುಖ ಮೆಲ್ಲಗೆ ಇಳಿದುಹೋಯಿತು. ಅದನ್ನು ನೋಡುತ್ತ ಕೇಶರಬಾಯಿಯ ಹೊಟ್ಟೆಯಲ್ಲಿ ತಣ್ಣಗಾಯಿತು, ತಂಬಿಗೆ ನೀರು ಒಮ್ಮೆಲೇ ಕುಡಿದಂತೆ. ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ನಾಳೆ ಬೆಳಗ್ಗೆ ಆ ನಲ್ಲಿಗಳ ಮುಂದೆ ಇಬ್ಬರೂ ಕೊಡ ಹಿಡಿದು ನಿಲ್ಲುವರು. ಆಗ ಈ ಮಾತು ಸುಳ್ಳೆಂದು ಗೊತ್ತಾಗುವುದು. ಗೊತ್ತಾಗಲಿ, ಎಂದುಕೊಂಡಳು.

ಗಡಿಯ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಾಗ ಗುಂಡಮ್ಮ ಪಕ್ಕದ ಗಂಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಭಾರಕ್ಕೆ ಏದುಸಿರು ಬಂತು. ಖಾಲಿಯಾದ ಸೀಟನ್ನು ಸೆರಗಿನಿಂದ ಒಮ್ಮೆ ಒರೆಸಿದಳು.

"ಕೂಡು ಬಾ," ಎಂದಳು. ಆಮೇಲೆ ತಡೆದು, "ಕೂಡ್ರಿ," ಎಂದಳು.

ಹಿಂದಿನಿಂದ ಮಡೆಪ್ಪ ತಲೆ ಎತ್ತಿದ. ಅವನ ಹೆಂಡತಿಯೂ ಎತ್ತಿದಳು. ಕೇಶರಬಾಯಿಯ ಎಡಗಾಲು ಆಗಲೇ ಜೋಮು ಹಿಡಿದಿತ್ತು. ಹಲಗೆಯ ಅಂಚು ತೊಡೆಗೆ ಒತ್ತಿ ಉರಿಯುತ್ತಿತ್ತು. ಏಳಬೇಕೆಂದು ಸರಳಿಗೆ ಕೈ ಹಾಕಿದಳು ಕೂಡ. ಆದರೆ ನೀರಿನ ಮಾತಿಗೆ ಮೊದಲು ಈ ಜಾಗ ಖಾಲಿಯಾಗಿರಲಿಲ್ಲ ಎಂಬುದು ನೆನಪಾಗಿ ಕೈ ಹಿಂದಕ್ಕೆ ತೆಗೆದಳು. ಆ ನೀರಿನ ಮಾತೂ ಸುಳ್ಳು. ಸುಳ್ಳು ಹೇಳಿ ಗಳಿಸಿದ ಸೀಟಿನಲ್ಲಿ ಹೇಗೆ ಕೂರುವುದು, ಖರೆ ಹೇಳಿದ್ದರೆ ಇದು ಸಿಗುತ್ತಿತ್ತೇ, ಎಂದು ಅವಳಿಗೆ ತಿಳಿಯಲಿಲ್ಲ.

"ಬ್ಯಾಡ್ರಿ," ಎಂದಳು. "ನನಗ ಇಲ್ಲೇ ಬರೋಬರ್ ಅದ."

ಗುಂಡಮ್ಮ ಗಂಟನ್ನು ಮತ್ತೆ ಕೆಳಗಿಡಲಿಲ್ಲ. ಬಸ್ಸು ಹೊರಟಿತು. ಇಬ್ಬರ ನಡುವೆ ಆ ಸೀಟು ಖಾಲಿಯಾಗಿ, ರಸ್ತೆಯ ಗುಂಡಿಗಳಿಗೆ ಕುಣಿಯುತ್ತಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.

ಉದಗೀರ ಹತ್ತಿರವಾಗುವಾಗ ಹೊತ್ತು ಮುಳುಗುತ್ತಿತ್ತು. ಬಾಗಿಲಲ್ಲಿ ನಿಂತು ನಿಂತು ದಣಿದ ಖಾಜಾ ಮಿಯಾ, "ಯಾರೂ ಇಲ್ಲೇನ್ರಿ ಇಲ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೇಶರಬಾಯಿಯ ಮೊಣಕಾಲು ದಾಟಿ ಬಂದು ಆ ಸೀಟಿನಲ್ಲಿ ಕೂತ. ಗುಂಡಮ್ಮ ಗಂಟನ್ನು ಎದೆಗೆ ಅವಚಿಕೊಂಡು ಕಿಟಕಿಗೆ ಅಂಟಿದಳು. ಅವನು ಕಾಲು ಚಾಚಿ, ತನ್ನ ಬುತ್ತಿ ಡಬ್ಬಿಯ ಮುಚ್ಚಳ ತೆಗೆದು, ಅಲುಗಾಡುವ ಬಸ್ಸಿನಲ್ಲಿ ಸಾರು ಚೆಲ್ಲದ ಹಾಗೆ ಹುಷಾರಾಗಿ ರೊಟ್ಟಿ ಅದ್ದಿಕೊಂಡು ತಿನ್ನತೊಡಗಿದ.