ಎಲ್ಲ ಸೆಟ್ಟಿನಲ್ಲೂ ಚೀಫ್ ಹೆಸರೇ

ನಮ್ಮ ಊರಿನ ಬೆಂಕಿ ದಳದಲ್ಲಿ ಹೆಚ್ಚುಕಡಿಮೆ ಒಂದು ವರ್ಷ, ಯಾರು ವಾಕಿಟಾಕಿ ಹಿಡಿದು ಮಾತಾಡಿದರೂ ಕಂಟ್ರೋಲ್ ರೂಮಿನ ಪರದೆಯ ಮೇಲೆ ಬರುತ್ತಿದ್ದದ್ದು ಒಂದೇ ಹೆಸರು: ಚೀಫ್ ಮಾರ್ಲಿನ್. ಆ ಮಾರ್ಲಿನ್ ದಳದ ಮುಖ್ಯಸ್ಥ, ನನ್ನ ಗಂಡ. ನಾನು ವರ್ನಾ. ಇದನ್ನು ಅವನ ಬೆನ್ನ ಹಿಂದೆ ಹೇಳುತ್ತಿಲ್ಲ. ಇಲ್ಲೇ ಪಕ್ಕದಲ್ಲಿ ಕೂತಿದ್ದಾನೆ, ಚೆನ್ನಾಗಿ ಕೇಳಿಸಿಕೊಳ್ಳಲಿ.

ಪೆನ್ಸಿಲ್ವೇನಿಯಾದ ಈ ಗುಡ್ಡಗಳ ಕಡೆ ಸಂಬಳದ ಬೆಂಕಿ ದಳ ಎಲ್ಲಿಂದ ಬರಬೇಕು? ಸೈರನ್ ಕೂಗಿತೆಂದರೆ ಹಾಲು ಕರೆಯುವವನು ಹಸುವನ್ನು ಬಿಟ್ಟು, ಕ್ಷೌರ ಮಾಡುವವನು ಅರ್ಧ ತಲೆಯನ್ನು ಬಿಟ್ಟು ಓಡಬೇಕು. ದಳದವರ ಮನೆಯ ಹೆಂಗಸರಾದ ನಾವು ಕೋಳಿ-ಜೋಳದ ಸೂಪು ಮಾರಿ, ಹಣ್ಣು ತುಂಬಿದ ಪೈ ಮಾರಿ, ಹೊಸ ವಾಕಿಟಾಕಿ ಸೆಟ್ಟುಗಳನ್ನು ಕೊಡಿಸಿದೆವು. ಒಲೆಯ ಮುಂದೆ ನಿಂತು ನಿಂತು ನನ್ನ ಕಾಲು ಊದಿಕೊಂಡಿತ್ತು.

ಆ ಸೆಟ್ಟುಗಳು ಒಳ್ಳೆಯವೇ. ಪ್ರತಿಯೊಂದಕ್ಕೂ ಅದರದೇ ನಂಬರ್ ಇಡಬಹುದು. ಮಾತಾಡಲು ಗುಂಡಿ ಒತ್ತಿದ ಕೂಡಲೇ ಸೆಟ್ಟು 'ಚಿರ್' ಎಂದು ಆ ನಂಬರನ್ನು ಕಳಿಸುತ್ತದೆ, ಕಂಟ್ರೋಲ್ ರೂಮಿನಲ್ಲಿ ಅದು ಹೆಸರಾಗಿ ಕಾಣುತ್ತದೆ. ಮೇಲ್ತುದಿಯಲ್ಲಿ ಒಂದು ಕಿತ್ತಳೆ ಗುಂಡಿಯೂ ಇದೆ. ಪ್ರಾಣಕ್ಕೆ ಕುತ್ತು ಬಂದಾಗ ಅದನ್ನು ಒತ್ತಿದರೆ ಸಾಕು, ಬಾಯಿ ಬಿಡಬೇಕಾಗಿಲ್ಲ. ನಂಬರ್ ತಾನೇ ಹೋಗಿ ಅಲ್ಲಿ ಗಂಟೆ ಬಾರಿಸುತ್ತದೆ.

ನನ್ನ ಗಂಡ ಮಾಡಿದ್ದೇನು ಗೊತ್ತೇ? ತನ್ನ ಸೆಟ್ಟನ್ನು ಕಂಪ್ಯೂಟರಿಗೆ ಸಿಕ್ಕಿಸಿ ಬೇಕಾದ ಹಾಗೆ ಹೊಂದಿಸಿದ. ಆಮೇಲೆ ಅದನ್ನೇ ಉಳಿದ ಎಲ್ಲ ಸೆಟ್ಟಿಗೂ ನಕಲು ಹೊಡೆದ. ಚಾನೆಲ್ಲುಗಳು ಹೋದವು, ಅವುಗಳ ಜೊತೆ ಅವನ ನಂಬರೂ ಹೋಯಿತು. ಊಟದ ಹೊತ್ತಿಗೆ ಕೆಲಸ ಮುಗಿಸಿಬಿಟ್ಟೆ ಎಂದು ಮನೆಗೆ ಬಂದು ಮೀಸೆ ತಿರುವಿದ.

ಪಕ್ಕದ ಮನೆಯ ಡಾರ್ಲಾ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುವವಳು. ಅವಳ ಗಂಡ ಲೊವೆಲ್ ನಮ್ಮ ದಳದವನೇ. ಒಂದು ದಿನ ನಮ್ಮ ಅಡುಗೆಮನೆಗೇ ಬಂದು ಕೇಳಿದಳು.

"ಚೀಫ್, ನಿನ್ನೆ ನೀವು ಸೇತುವೆ ಹತ್ರ ಇದ್ರಿ, ಅದೇ ಹೊತ್ತಿಗೆ ಟ್ಯಾಂಕರ್ ಒಳಗೂ ಇದ್ರಿ, ಪೈ ಮಾರೋ ಮೇಜಿನ ಹತ್ರಾನೂ ಇದ್ರಿ. ಒಬ್ರೇ ಮೂರು ಜನ ಆಗೋದು ಹೇಗೆ, ನಮಗೂ ಸ್ವಲ್ಪ ಹೇಳ್ಕೊಡಿ."

ಮಾರ್ಲಿನ್ ಹೊಟ್ಟೆ ಕುಲುಕಿಸಿ ನಕ್ಕ. "ಈ ಊರಲ್ಲಿ ದುಡಿಯೋನು ನಾನೊಬ್ನೇ ಅಂತ ಈಗಲಾದ್ರೂ ಗೊತ್ತಾಯ್ತಲ್ಲ!"

"ತಮಾಷೆ ಅಲ್ಲ. ನಕಲು ಹೊಡೆದ ಮೇಲೆ ಒಂದೊಂದು ಸೆಟ್ಟಿಗೂ ಬೇರೆ ಬೇರೆ ನಂಬರ್ ಹಾಕ್ಬೇಕು. ಒಂದು ಸಂಜೆ ಕೂತ್ರೆ ಮುಗೀತು."

"ಅಯ್ಯೋ ಬಿಡಮ್ಮ, ನಮ್ಮ ಹುಡುಗ್ರ ದನಿ ನಂಗೊತ್ತಿಲ್ವಾ? ನಿನ್ ಗಂಡ ಬರೀ ಕೆಮ್ಮಿದ್ರೂ ಗುರುತು ಹಿಡೀತೀನಿ. ಆ 'ಚಿರ್' ಸದ್ದು ತಲೆ ತಿನ್ನುತ್ತೆ ಅಂತ ಎಲ್ರೂ ಬಯ್ತಿದ್ದಾರೆ. ಅದನ್ನ ಆರಿಸೇ ಬಿಡೋಣ ಅಂತಿದ್ದೀನಿ."

"ಕೆಮ್ಮೋಕೂ ಆಗ್ದೇ ಇದ್ರೆ?"

"ಆಯ್ತು ಆಯ್ತು, ಜಿಂಕೆ ಬೇಟೆ ಕಾಲ ಮುಗೀಲಿ, ನೋಡೋಣ."

ಜಿಂಕೆ ಬೇಟೆ ಮುಗಿಯಿತು. ಹಿಮ ಬಿತ್ತು, ಕರಗಿತು. ಚರ್ಚಿನ ಬಾಗಿಲಲ್ಲಿ ಡಾರ್ಲಾ ನೆನಪಿಸಿದಳು, ಮೊಟ್ಟೆ ಕೊಳ್ಳಲು ಬಂದಾಗಲೂ ನೆನಪಿಸಿದಳು. ಆ ಪುಣ್ಯಾತ್ಮ ಕದಲಲಿಲ್ಲ.

ಬೇಸಿಗೆಯಲ್ಲಿ ನಮ್ಮೂರ ರೈತ ಹಾಸ್ಟೆಟರ್ ಅವರ ಕೊಟ್ಟಿಗೆಗೆ ಬೆಂಕಿ ಬಿತ್ತು. ಹಸಿ ಹುಲ್ಲನ್ನು ಅಟ್ಟದ ಮೇಲೆ ಪೇರಿಸಿದ್ದರು, ಒಳಗೇ ಕಾವು ಏರಿ ಹೊತ್ತಿಕೊಂಡಿತ್ತು. ಮಧ್ಯಾಹ್ನದ ಬಿಸಿಲು, ಮೇಲೆ ಹೊಗೆ. ಡಾರ್ಲಾಗೆ ಅಂದು ರಜೆ. ಅವಳು ದೂರದಲ್ಲಿ ಕಾರಿನಿಂದ ದಳದವರಿಗೆಂದು ತಂದ ಬ್ರೆಡ್ಡಿನ ತಟ್ಟೆಗಳನ್ನು ಇಳಿಸುತ್ತಿದ್ದಳು. ನಾನು ದಳದ ಲಾರಿಯ ಪಕ್ಕ ನಿಂತು ಎಲ್ಲರಿಗೂ ನೀರು ಕೊಡುತ್ತಿದ್ದೆ. ಮಾರ್ಲಿನ್ ಅಲ್ಲೇ ನಿಂತು ಹುಡುಗರಿಗೆ ಅಪ್ಪಣೆ ಕೊಡುತ್ತಿದ್ದ.

ಅವನ ಸೆಟ್ಟಿನಲ್ಲಿ ಕಂಟ್ರೋಲ್ ರೂಮಿನವನ ದನಿ ಬಂತು. "ಚೀಫ್ ಮಾರ್ಲಿನ್, ನಿಮ್ಮ ಕಿತ್ತಳೆ ಗುಂಡಿ ಒತ್ತಿದ ಹಾಗಿದೆ. ಹುಷಾರಾಗಿದ್ದೀರಾ?"

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ಕೋಟು ತಗುಲಿರ್ಬೇಕು. ಗಂಟೆ ನಿಲ್ಲಿಸಪ್ಪ."

ಅವನು ನಿಲ್ಲಿಸಿದ. ಚೀಫೇ ಹೇಳಿದ ಮೇಲೆ ಅವನಾದರೂ ಏನು ಮಾಡಿಯಾನು?

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ದನಿ. "ಚೀಫ್, ಮತ್ತೆ ಒತ್ತಿದ್ರಿ."

ಈ ಸಲ ಮಾರ್ಲಿನ್‌ನ ಸೆಟ್ಟು ನನ್ನ ಕಣ್ಣೆದುರಿಗೇ ಇತ್ತು. ಅದನ್ನು ಲಾರಿಯ ಮೆಟ್ಟಿಲ ಮೇಲಿಟ್ಟು ಅವನು ಎರಡೂ ಕೈಯಲ್ಲಿ ನೀರು ಹಿಡಿದು ಮುಖ ತೊಳೆಯುತ್ತಿದ್ದ.

"ಮಾರ್ಲಿನ್! ಅದು ನಿನ್ನದಲ್ಲ! ಒಳಗೆ ಯಾರೋ ಒತ್ತುತ್ತಿದ್ದಾರೆ!"

ಅವನು ಒದ್ದೆ ಕೈಯಲ್ಲೇ ತಿರುಗಿದ. ಸೆಟ್ಟು ಎತ್ತಿಕೊಂಡು ಕೂಗಿದ. "ಯಾರು ಒತ್ತಿದ್ದು? ಹೆಸರು ಹೇಳಿ!" ಎಲ್ಲರೂ ಒಟ್ಟಿಗೇ ಬಾಯಿ ಬಿಟ್ಟರು, ಗರಗರ ಸದ್ದು ಬಿಟ್ಟು ಏನೂ ಕೇಳಿಸಲಿಲ್ಲ. ಪರದೆಯ ಮೇಲೆ ಮಾತ್ರ ಚೀಫ್ ಮಾರ್ಲಿನ್, ಚೀಫ್ ಮಾರ್ಲಿನ್, ಚೀಫ್ ಮಾರ್ಲಿನ್. ಕೊನೆಗೆ ಎಲ್ಲರನ್ನೂ ಹೊರಗೆ ಕರೆಸಿ ತಲೆ ಎಣಿಸಬೇಕಾಯಿತು. ಅಷ್ಟೂ ಹೊತ್ತು ಒಳಗಿದ್ದವನು ಹೊಗೆ ಕುಡಿಯುತ್ತಿದ್ದ.

ಡಾರ್ಲಾ ತಟ್ಟೆ ಬಿಟ್ಟು ಓಡಿ ಬಂದಳು. "ನಮ್ಮ ಲೊವೆಲ್ ಎಲ್ಲಿ? ಚೀಫ್, ಲೊವೆಲ್ ಎಲ್ಲಿ?"

ಲೊವೆಲ್ ಕುಸಿದ ಅಟ್ಟದ ಕೆಳಗಿದ್ದ. ತೊಲೆಯೊಂದು ಅವನ ಕಾಲ ಮೇಲೆ ಬಿದ್ದಿತ್ತು, ಹೊಗೆ ತಡೆಯುವ ಮುಖವಾಡ ಕಿತ್ತುಹೋಗಿತ್ತು. ಹೆಬ್ಬೆರಳು ಇನ್ನೂ ಆ ಕಿತ್ತಳೆ ಗುಂಡಿಯ ಮೇಲೇ ಇತ್ತಂತೆ. ಜೀವ ಉಳಿಯಿತು. ಕಾಲು ಮುರಿಯಿತು. ಗಂಟಲು ಬೆಂದು, ದನಿ ಹಾಳಾಯಿತು.

ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಬೆಂಕಿ ಮಾಡಿದ್ದು ಬೆಂಕಿಯ ಕೆಲಸ. ಆದರೆ ಸಹಾಯಕ್ಕೆ ಕರೆದವನ ಕರೆಯನ್ನು ನಾವೇ ಆರಿಸಿದೆವಲ್ಲ! ಅದೂ ಒಂದು ಸಂಜೆಯ ಸೋಮಾರಿತನಕ್ಕೆ. ಲೊವೆಲ್‌ನನ್ನು ಆಸ್ಪತ್ರೆಯಲ್ಲಿ ನೋಡಿ ಬಂದ ದಿನವೇ ನಾನು ಎಲ್ಲ ಸೆಟ್ಟುಗಳನ್ನೂ ಮೇಜಿನ ಮೇಲೆ ಸುರಿದೆ. "ಇವು ಸರಿಯಾಗೋವರೆಗೂ ನಿನಗೆ ಈ ಮನೇಲಿ ಕಾಫಿನೂ ಇಲ್ಲ" ಎಂದೆ. ಮಾರ್ಲಿನ್ ಕಂಪ್ಯೂಟರ್ ತಂದು ಸೆಟ್ಟುಗಳ ಮುಂದೆ ಕೂತ.

ಕಂಟ್ರೋಲ್ ರೂಮಿನಿಂದ ಡಾರ್ಲಾ ಫೋನಿನಲ್ಲಿ ಹೇಳಿದಳು. ದನಿ ಗಡುಸಾಗಿತ್ತು. "ಒಂದೊಂದಕ್ಕೂ ಬೇರೆ ನಂಬರ್ ಹಾಕಿ. ಅದೇ ನಂಬರನ್ನ ಸೆಟ್ಟಿನ ಬೆನ್ನ ಮೇಲೂ ಬಣ್ಣದಲ್ಲಿ ಬರೀರಿ. ಯಾರ ಕೈಗೆ ಕೊಡ್ತೀರಿ ಹೇಳಿ, ಇಲ್ಲಿ ನಾನು ಹೆಸರು ಸೇರಿಸ್ತೀನಿ."

"ನಂಬರ್ ಮಾತಿನ ಮೊದ್ಲು ಹೋಗ್ಬೇಕಾ, ಕೊನೇಲಾ?" ಮಾರ್ಲಿನ್ ಮೆಲ್ಲಗೆ ಕೇಳಿದ.

"ಮೊದ್ಲೇ ಹೋಗ್ಲಿ. ಉಸಿರು ಕಟ್ಟಿದವನು ಗುಂಡಿ ಬಿಡೋವರೆಗೂ ನಾನು ಕಾಯ್ಲಾ? 'ಚಿರ್' ಮುಗಿದ ಮೇಲೆ ಮಾತು ಶುರು ಮಾಡ್ಬೇಕು ಅಂತ ಎಲ್ರಿಗೂ ಹೇಳಿ, ಇಲ್ದಿದ್ರೆ ಮೊದಲ ಮಾತೇ ನುಂಗಿಹೋಗುತ್ತೆ. ಈಗ ಒಂದೊಂದನ್ನೇ ಒತ್ತಿ, ಬಂದ ಹೆಸರು ಓದ್ತೀನಿ. ಕಿತ್ತಳೆ ಗುಂಡಿನೂ ಒತ್ತಿ, ನಂಗೆ ಹೇಳಿ ಒತ್ತಿ. ನಾಳೆ ಸೆಟ್ಟು ರಿಪೇರಿಗೆ ಹೋಗಿ ಬಂದ್ರೆ ಮತ್ತೆ ಇದೇ ಪರೀಕ್ಷೆ."

ಒಂದೊಂದಾಗಿ ಹೆಸರು ಬಂದವು. ಆ ಸಂಜೆಯೇ ಎಲ್ಲ ಮುಗಿಯಿತು. ಅಷ್ಟೇ ಕೆಲಸ!

ಲೊವೆಲ್ ಊರುಗೋಲು ಹಿಡಿದು ದಳದ ಠಾಣೆಗೆ ಬಂದ ದಿನ, ಮಾರ್ಲಿನ್ ಹೊರಗೆ ಅಂಗಳದಲ್ಲಿದ್ದ. ಲೊವೆಲ್ ತನ್ನ ಸೆಟ್ಟು ಎತ್ತಿ ಏನೋ ಹೇಳಿದ. ಮಾರ್ಲಿನ್‌ನ ಸೆಟ್ಟಿನಲ್ಲಿ ಕೇಳಿಸಿದ್ದು ಬರೀ ಗೊರಗೊರ.

"ಯಾರಪ್ಪ ಅದು? ಯಾರು ಮಾತಾಡ್ತಿರೋದು?" ಎಂದು ಕೂಗಿದ ನನ್ನ ಗಂಡ. ಕೆಮ್ಮಿದರೂ ಗುರುತು ಹಿಡಿಯುತ್ತೇನೆ ಎಂದಿದ್ದವನು!

ಕಂಟ್ರೋಲ್ ರೂಮಿನಿಂದ ಡಾರ್ಲಾ ಹೇಳಿದಳು. "ಚೀಫ್, ಅದು ನನ್ನ ಗಂಡ ಲೊವೆಲ್. ಇಲ್ಲಿ ಅವನ ಹೆಸರು ಬಂದಿದೆ."

ಬೆಂಕಿಗೆ, ನೀರಿಗೆ, ಕಾಡಿಗೆ ವಾಕಿಟಾಕಿ ಹಿಡಿದು ಹೋಗುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ಎನ್ನಬೇಡಿ. ಇವತ್ತೇ ನಿಮ್ಮ ಸೆಟ್ಟಿನ ಗುಂಡಿ ಒತ್ತಿ, ಯಾರ ಹೆಸರು ಬಂತು ಎಂದು ಆ ಕಡೆಯವರನ್ನು ಕೇಳಿ. ಬೇರೆಯವರ ಹೆಸರು ಬಂದರೆ ಅದನ್ನು ಸರಿಮಾಡಿಸಿಕೊಳ್ಳದೆ ಮನೆಯ ಹೊಸ್ತಿಲು ದಾಟಬೇಡಿ. ನೀವು ಒಳಗೆ ಸಿಕ್ಕಿಕೊಂಡಾಗ, ಹೊರಗೆ ಹಾಯಾಗಿ ನಿಂತ ಇನ್ನೊಬ್ಬರು "ನಂಗೇನಾಗಿದೆ?" ಎಂದು ಹೇಳುವ ಹಾಗಾಗಬಾರದು.