ಗ್ವಿಲಿಮ್ ಕೊಂಡ ವಿಮೆ

ಗ್ವಿಲಿಮ್ ತೀರಿಕೊಂಡು ಐದು ವರ್ಷವಾಗಿದ್ದರೂ ಆ ಬೇಸಿಗೆಯಲ್ಲಿ ಅವನನ್ನು ಕೇಳಿಕೊಂಡು ಮನೆಗೆ ಫೋನು ಬರುತ್ತಲೇ ಇತ್ತು. ಎಲ್ಲೋ ದೂರದ ಊರಿನಲ್ಲಿ ಕುಳಿತ ಹುಡುಗರು. ಸಾಲದ ಜೊತೆ ಬ್ಯಾಂಕಿನವರು ನಿಮ್ಮ ಕೊರಳಿಗೆ ವಿಮೆಯನ್ನೂ ಕಟ್ಟಿದ್ದರಾ, ಆಗಸ್ಟ್ ಕೊನೆಗೆ ಗಡುವು ಮುಗಿಯುತ್ತದೆ, ಹಣ ವಾಪಸ್ ಕೊಡಿಸುತ್ತೇವೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

"ಮಿಸ್ಟರ್ ಗ್ವಿಲಿಮ್ ರೀಸ್ ಇದ್ದಾರಾ?"

"ಇದ್ದಾರೆ, ಗುಡ್ಡದ ಮೇಲಿನ ಸ್ಮಶಾನದಲ್ಲಿ," ಎನ್ನುತ್ತಿದ್ದಳು ಅವನ ಹೆಂಡತಿ ಎಲೀನೆಡ್. "ಅಲ್ಲಿಗೇ ಮಾಡಿ. ಎತ್ತಿಕೊಂಡರೆ ನನಗೂ ತಿಳಿಸಿ."

ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಅವಳಿಗೆ ಯಾವ ಕೆಲಸವೂ ಕೈಗೆ ಹತ್ತುತ್ತಿರಲಿಲ್ಲ.

ಮಗಳು ಚಿಕ್ಕವಳಿದ್ದಾಗ ಆ ಸಾಲ ಮಾಡಿದ್ದು ಹೊಸ ವ್ಯಾನಿಗೆ. ಗ್ವಿಲಿಮ್ ಗಾರೆ ಕೆಲಸದವನು. ಲಾನೆಲ್ಲಿ ಊರಿನಲ್ಲಿ ಅವನ ಕೈ ತಾಗದ ಗೋಡೆಗಳೇ ಕಡಿಮೆ. ಜೀವಮಾನದಲ್ಲಿ ಯಾರ ಕೈಕೆಳಗೂ ದುಡಿದವನಲ್ಲ. ಸಾಲದ ಕಾಗದ ಮಾಡುವಾಗ ಬ್ಯಾಂಕಿನ ಹುಡುಗಿ ಅದರ ಜೊತೆಗೆ ವಿಮೆಯೊಂದನ್ನೂ ಸೇರಿಸಿದಳು. ಕಾಯಿಲೆ ಬಿದ್ದರೆ, ಕೆಲಸ ಹೋದರೆ, ಕಂತನ್ನು ವಿಮೆಯವರು ಕಟ್ಟುತ್ತಾರೆ ಎಂದಳು. ವಿಮೆಯ ಹಣವನ್ನೂ ಸಾಲಕ್ಕೇ ಸೇರಿಸಿ ಅದರ ಮೇಲೂ ಬಡ್ಡಿ ಹಾಕಿದರು. ಎರಡನೆಯ ಚಳಿಗಾಲದಲ್ಲಿ ಗ್ವಿಲಿಮ್ ಅಟ್ಟಣೆಯಿಂದ ಬಿದ್ದು ಭುಜ ಮುರಿದುಕೊಂಡ. ವಿಮೆಯವರ ಹತ್ತಿರ ಹೋದರೆ ಅವರು ಕೈಚೆಲ್ಲಿದರು. ಇದು ಸಂಬಳಕ್ಕೆ ದುಡಿಯುವವರಿಗೆ ಮಾತ್ರ, ಸ್ವಂತ ಕಸುಬಿನವರಿಗೆ ಅನ್ವಯಿಸುವುದಿಲ್ಲ ಎಂದರು. ಕಂತು ಕಟ್ಟಲಾಗದೆ ಮೊದಲು ವ್ಯಾನು ಹೋಯಿತು. ಆಮೇಲೆ ಕಡಲು ಕಾಣುತ್ತಿದ್ದ ಮನೆ ಹೋಯಿತು. ಪುರಸಭೆಯ ಬಾಡಿಗೆ ಫ್ಲಾಟಿನಲ್ಲಿ ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೆ ಕಾರು ನಿಲ್ಲಿಸುವ ಜಾಗ.

"ನಾನು ಕೇಳಿದ್ದೆ ಕಣೇ ಅವಳನ್ನ," ಎನ್ನುತ್ತಿದ್ದ ಗ್ವಿಲಿಮ್. "ನನಗೆ ಯಜಮಾನ ಅಂತ ಯಾರೂ ಇಲ್ಲ, ಇದು ನನಗೆ ಆಗತ್ತಾ ಅಂತ ಬಾಯಿಬಿಟ್ಟು ಕೇಳಿದ್ದೆ."

"ಕೇಳಿದ್ದರೆ ಆಗಲ್ಲ ಅಂತಿದ್ದಳು. ಚೆಂದದ ಹುಡುಗಿ ನಕ್ಕಳು, ನೀನು ಸಹಿ ಗೀಚಿದೆ. ಒಪ್ಕೊಳೋಕೆ ಏನು ಕಷ್ಟ ನಿನಗೆ?"

ಬರಬರುತ್ತಾ ಅದು ಮನೆಯ ತಮಾಷೆಯಾಗಿ ಕೂತುಬಿಟ್ಟಿತು. ಇವನ ಕೈಗೆ ಪೆನ್ನು ಕೊಡಬೇಡಿ, ಇರೋ ಫ್ಲಾಟನ್ನೂ ಬರೆದುಕೊಡ್ತಾನೆ ಎಂದು ಎಲೀನೆಡ್ ನೆಂಟರ ಮುಂದೆ ಹೇಳುವಳು, ಮಗಳು ಲೌರಿ ನಗುವಳು. ಗ್ವಿಲಿಮ್ ಕೇಳಿದ್ದೆ ಎನ್ನುವುದನ್ನು ನಿಲ್ಲಿಸಿದ. ಆಮೇಲೆ ಬೇರೆ ಮಾತೂ ಕಡಿಮೆಯಾಯಿತು. ಒಂದು ಮಾರ್ಚಿನ ಬೆಳಗ್ಗೆ ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕುಸಿದವನು ಏಳಲಿಲ್ಲ.

ಜುಲೈ ಕೊನೆಯ ಭಾನುವಾರ ಊಟಕ್ಕೆ ಬಂದ ಲೌರಿಯೇ ಮಾತು ತೆಗೆದಳು. "ಅಮ್ಮಾ, ನಾನು ಕೆಲಸ ಮಾಡೋ ಆಸ್ಪತ್ರೇಲಿ ಎಲ್ಲರೂ ವಿಮೆ ದುಡ್ಡು ವಾಪಸ್ ಕೇಳಿ ಅರ್ಜಿ ಹಾಕ್ತಿದ್ದಾರೆ. ನೀನೂ ಹಾಕು. ಅಪ್ಪ ಮೋಸ ಹೋಗಿದ್ದು ಹೋದ, ಬರೋದನ್ನ ಯಾಕೆ ಬಿಡ್ತೀಯಾ?"

"ಸಹಿ ಹಾಕಿದ್ದು ಅವನು. ಈಗ ಹೋಗಿ ಕೈಯೊಡ್ಡೋದಾ?"

"ಕೈಯೊಡ್ಡೋದಲ್ಲಮ್ಮ. ಅದು ನಮ್ಮದೇ ದುಡ್ಡು."

ಮಂಗಳವಾರ ಎಲೀನೆಡ್ ಗ್ರಂಥಾಲಯದ ಮಹಡಿಗೆ ಹೋದಳು. ಅಲ್ಲಿ ಇಡ್ರಿಸ್ ಪ್ರೊಸರ್ ಎಂಬ ನಿವೃತ್ತ ಮೇಷ್ಟ್ರು ಜನರಿಗೆ ಇಂಥ ವಿಷಯಗಳಲ್ಲಿ ಬಿಟ್ಟಿ ಸಲಹೆ ಕೊಡುತ್ತಿದ್ದರು. ಅವರು ಮೊದಲು ಹೇಳಿದ್ದು ಆ ಫೋನಿನ ಹುಡುಗರನ್ನು ಹತ್ತಿರ ಸೇರಿಸಬೇಡಿ ಎಂದು.

"ಸಿಕ್ಕಿದ್ದರಲ್ಲಿ ಪಾಲು ಕಿತ್ಕೋತಾರೆ. ನೀವೇ ನೇರವಾಗಿ ಬ್ಯಾಂಕಿಗೆ ದೂರು ಕೊಡಬಹುದು, ಒಂದು ಪೈಸೆ ಖರ್ಚಿಲ್ಲ. ಬ್ಯಾಂಕು ಒಪ್ಪದಿದ್ದರೆ ಮೇಲೆ ವಿಚಾರಿಸೋ ಕಚೇರಿ ಇದೆ, ಅಲ್ಲೂ ಖರ್ಚಿಲ್ಲ. ಗಂಡ ಇಲ್ಲ ಅಂದರೆ ಹೆಂಡತಿ ಕೇಳಬಹುದು."

"ವಿಮೆ ಮಾರಿದ್ದೇ ತಪ್ಪಾ ಹಾಗಾದರೆ?"

"ಮಾರಿದ್ದು ತಪ್ಪಲ್ಲ, ಹೇಗೆ ಮಾರಿದರು ಅನ್ನೋದು. ಬೇಡ ಅನ್ನೋ ಹಕ್ಕು ನಿಮಗಿದೆ ಅಂತ ಅವರಿಗೆ ಹೇಳಿದ್ದರಾ? ಅವರ ಕಸುಬಿಗೆ ಆ ವಿಮೆ ಹೊಂದುತ್ತಾ ಅಂತ ನೋಡಿದ್ದರಾ? ಉಪಯೋಗಕ್ಕೇ ಬರದ ವಿಮೆಯನ್ನ ಕಟ್ಟಿದ್ದರೆ ಅದು ಮೋಸದ ಮಾರಾಟ." ಅವರು ಪೆನ್ನು ತೆಗೆದರು. "ಅವತ್ತು ಏನು ಮಾತಾಯ್ತು?"

"ನಾನು ಅಲ್ಲಿರಲಿಲ್ಲ."

"ಅವರು ನಿಮಗೆ ಹೇಳಿರಬೇಕಲ್ಲ?"

ಗ್ವಿಲಿಮ್ ಏನು ಹೇಳಿದ್ದ ಎಂದು ಯಾರೂ ಅವಳನ್ನು ಇಷ್ಟು ಗಂಭೀರವಾಗಿ ಕೇಳಿರಲಿಲ್ಲ. "ಸ್ವಂತ ಕೆಲಸದವನಿಗೆ ಆಗತ್ತಾ ಅಂತ ಕೇಳಿದ್ದೆ ಅಂತಿದ್ದ," ಎಂದಳು. "ನಾನು ನಂಬಲಿಲ್ಲ."

"ಅದನ್ನ ಬರೀಬೇಕಾಗಿಲ್ಲ," ಎಂದರು ಇಡ್ರಿಸ್ ಮೆಲ್ಲಗೆ.

ಆದರೆ ಎಲೀನೆಡ್ ಪೆನ್ನು ಹಿಡಿಯಲಿಲ್ಲ. ತಾನೇ ನಂಬದ ಮಾತನ್ನು ಹಣದ ಆಸೆಗೆ ಬರೆದು ಸಹಿ ಹಾಕುವುದು ಹೇಗೆ? ನಾಳೆ ಬರುತ್ತೇನೆಂದು ಎದ್ದಳು.

ಬ್ಯಾಂಕಿನ ಆ ಶಾಖೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಆ ಹುಡುಗಿ ಹೆಲೆದ್ ಮಾತ್ರ ಊರಲ್ಲೇ ಇದ್ದಳು. ಮಾರ್ಕೆಟ್ಟಿನೊಳಗೆ ಚಿಕ್ಕಮ್ಮನ ಮೀನಿನಂಗಡಿಯಲ್ಲಿ ಚಿಪ್ಪುಮೀನು ತೂಗುತ್ತಾಳೆ ಎಂಬುದು ಎಲೀನೆಡ್‌ಗೆ ಗೊತ್ತಿತ್ತು. ಇಷ್ಟು ವರ್ಷ ಆ ಸಾಲಿಗೆ ಕಾಲಿಟ್ಟಿರಲಿಲ್ಲ. ಅಂದು ನೇರವಾಗಿ ಹೋಗಿ ಮುಂದೆ ನಿಂತಳು. ಹೆಲೆದ್‌ಗೆ ಆಗಲೇ ಅಲ್ಲೊಂದು ಇಲ್ಲೊಂದು ನರೆ ಬಂದಿತ್ತು.

"ಏನು ಕೊಡಲಿ, ಮಿಸೆಸ್ ರೀಸ್?" ಎಂದಳು, ಕಣ್ಣೆತ್ತದೆ.

"ತೂಗೋದು ಏನೂ ಬೇಡ. ನನ್ನ ಗಂಡ ಅವತ್ತು ನಿನ್ನನ್ನ ಕೇಳಿದ್ದನಾ, ಇಲ್ಲವಾ?"

ಯಾವತ್ತು, ಏನು ಎಂದು ಹೆಲೆದ್ ಕೇಳಲಿಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡು, ಚಿಕ್ಕಮ್ಮನಿಗೆ ಅಂಗಡಿ ನೋಡಿಕೋ ಎಂದು ಹೇಳಿ, ಸಾಮಾನು ಇಳಿಸುವ ಹಿಂಬಾಗಿಲಿಗೆ ಅವಳನ್ನು ಕರೆದೊಯ್ದಳು. ಖಾಲಿ ಪೆಟ್ಟಿಗೆಗಳ ಪಕ್ಕ ಇಬ್ಬರೂ ನಿಂತರು.

"ಕೇಳಿದ್ದರು. ಒಂದು ಸಲ ಅಲ್ಲ, ಸಹಿ ಹಾಕೋ ಮುಂಚೆ ಮತ್ತೆ ಕೇಳಿದರು. ಎಲ್ಲರಿಗೂ ಆಗತ್ತೆ, ಚಿಂತೆ ಬೇಡ ಅಂದೆ. ನನಗೇ ಗೊತ್ತಿರಲಿಲ್ಲ. ಗೊತ್ತು ಮಾಡ್ಕೋಬೇಕು ಅಂತಲೂ ಅನ್ನಿಸಲಿಲ್ಲ. ಒಳಕೋಣೇಲಿ ಬೋರ್ಡ್ ಮೇಲೆ ನಮ್ಮ ಹೆಸರು ಹಾಕಿರೋರು, ಯಾರು ಎಷ್ಟು ವಿಮೆ ಮಾರಿದರು ಅಂತ. ಹಿಂದೆ ಬಿದ್ದವರನ್ನ ಎಲ್ಲರ ಮುಂದೆ ನಿಲ್ಲಿಸಿ ಮಾನ ಕಳೆಯೋರು."

"ಇನ್ನೊಂದಿದೆ," ಎಂದಳು ಹೆಲೆದ್. "ಭುಜಕ್ಕೆ ಪಟ್ಟಿ ಕಟ್ಕೊಂಡು ಆಮೇಲೊಂದು ದಿನ ಬಂದರು. ಜಗಳಕ್ಕೆ ಬಂದಿದ್ದಾರೆ ಅಂದ್ಕೊಂಡೆ. ದುಡ್ಡಿನ ಸುದ್ದಿನೇ ಎತ್ತಲಿಲ್ಲ. 'ಒಂದು ಸಲ ನಮ್ಮನೆಗೆ ಬಾ ಮಗಳೇ, ನಾನು ಕೇಳಿದ್ದೆ ಅಂತ ನನ್ನ ಹೆಂಡತಿಗೆ ಹೇಳು, ಅಷ್ಟು ಸಾಕು' ಅಂದರು. ಗಾಜಿನಾಚೆ ಮ್ಯಾನೇಜರ್ ನಿಂತಿದ್ದ. ನನಗೆ ನೆನಪಿಲ್ಲ ಸಾರ್ ಅಂದುಬಿಟ್ಟೆ."

"ಅದಕ್ಕೆ ಅವನು?"

"ಇರಲಿ ಬಿಡು ಅಂದರು. ಆ ಬಾಗಿಲು ಭಾರ, ಒಂದೇ ಕೈಲಿ ತಳ್ತಾ ಇದ್ದರು. ಎದ್ದು ಹೋಗಿ ತೆಗೆಯೋಣ ಅಂದ್ಕೊಂಡೆ. ಏಳಲಿಲ್ಲ."

ಎಲೀನೆಡ್ ಬಯ್ಯಬೇಕೆಂದೇ ಬಂದಿದ್ದಳು. ಆದರೆ ನಂಬಿಸುವುದಕ್ಕೆ ಗ್ವಿಲಿಮ್ ಅಲ್ಲಿಯವರೆಗೆ ಹೋಗಿದ್ದ. ನಂಬದೆ ಕೂತವಳು ಮನೆಯಲ್ಲೇ ಇದ್ದಳು. ಹೆಲೆದ್ ಇದನ್ನೆಲ್ಲ ಬರೆದುಕೊಡುತ್ತೇನೆ ಎಂದಳು, ಆ ವಾರವೇ ಬರೆದೂ ಕೊಟ್ಟಳು. ಗಡುವಿಗೆ ಮುಂಚೆ ಇಡ್ರಿಸ್ ದೂರನ್ನು ಕಳಿಸಿದರು.

ಮಳೆ ಹಿಡಿದ ನವೆಂಬರಿನಲ್ಲಿ ಬ್ಯಾಂಕು ತಪ್ಪೊಪ್ಪಿಕೊಂಡಿತು. ಕಟ್ಟಿಸಿಕೊಂಡ ವಿಮೆಯ ಹಣ ಬಡ್ಡಿ ಸಮೇತ ಎಲೀನೆಡ್‌ಳ ಖಾತೆಗೆ ಬಂತು. ಹೋದ ಮನೆಯ ಬಗ್ಗೆ ಅದರಲ್ಲಿ ಚಕಾರವಿರಲಿಲ್ಲ. ಇಡ್ರಿಸ್ ಮೊದಲೇ ಎಚ್ಚರಿಸಿದ್ದರು. ಲೌರಿ ಬಾಟಲಿ ವೈನ್ ಹಿಡಿದುಕೊಂಡು ಬಂದಳು.

"ಗೆದ್ದೆ ಅಮ್ಮಾ! ಅಪ್ಪನ ದಡ್ಡತನಕ್ಕೂ ಒಂದು ಬೆಲೆ ಬಂತು ನೋಡು."

"ಅವನು ದಡ್ಡನಲ್ಲ," ಎಂದಳು ಎಲೀನೆಡ್. ಮೂರು ತಿಂಗಳಿಂದ ಹೇಳಲು ಹೋಗಿ ನುಂಗಿಕೊಂಡದ್ದನ್ನೆಲ್ಲ ಹೇಳಿದಳು.

ಲೌರಿ ಕೋಟು ಬಿಚ್ಚದೆಯೇ ಕೂತುಬಿಟ್ಟಳು. "ನನ್ನ ಮದುವೇಲಿ, ಚರ್ಚಲ್ಲಿ ಸಾಕ್ಷಿ ಸಹಿಗೆ ಅಪ್ಪನ್ನ ಕರೆದೆ," ಎಂದಳು. "ಪೆನ್ನು ಕೊಡಬೇಡ್ರಪ್ಪ ಅಂತ ನೀನು ಕೂಗಿದೆ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಪೆನ್ನು ಕೆಳಗಿಟ್ಟು, ನಿಮ್ಮ ಮಾವನ ಹತ್ತಿರ ಹಾಕಿಸು ಅಂತ ಹಿಂದಕ್ಕೆ ಹೋದ. ನೆನಪಿದೆಯಾ?"

ಎಲೀನೆಡ್‌ಗೆ ಜನ ನಕ್ಕದ್ದು ನೆನಪಿತ್ತು, ಅವನು ಹಿಂದಕ್ಕೆ ಹೋದದ್ದು ನೆನಪಿರಲಿಲ್ಲ.

"ಅಪ್ಪ ದಡ್ಡ ಅಂತ ನೀನು ಅಂದಿದ್ದಕ್ಕೆ ನಾನೂ ಅಂದೆ, ಅಮ್ಮಾ. ಚಿಕ್ಕೋಳಿದ್ದಾಗಿಂದ," ಎಂದು ಲೌರಿ ಎದ್ದಳು. ಊಟ ಮಾಡಲಿಲ್ಲ. ಮುಂದಿನ ಭಾನುವಾರ ಬರಲೂ ಇಲ್ಲ.

ಅದರ ಮುಂದಿನ ಭಾನುವಾರ ಬಂದಳು. ಚಾಕು ತೆಗೆದುಕೊಂಡು ತಾಯಿಯ ಪಕ್ಕ ನಿಂತು ಆಲೂಗಡ್ಡೆ ಸುಲಿಯತೊಡಗಿದಳು. ಒಲೆಯ ಮೇಲೆ ಕುರಿಮಾಂಸ ಬೇಯುತ್ತಿತ್ತು.

"ಅಪ್ಪ ಇನ್ನೇನು ಹೇಳ್ತಿದ್ದ?" ಎಂದು ಕೇಳಿದಳು ಆಮೇಲೆ. "ನಾವು ಕಿವಿಗೆ ಹಾಕ್ಕೊಳ್ಳದೇ ಇದ್ದದ್ದು?"

ಎಲೀನೆಡ್ ಯೋಚಿಸಿದಳು. ಅವನು ಹೇಳುತ್ತಿದ್ದದ್ದೇ ಎಷ್ಟು ಕಡಿಮೆ!

"ಭುಜ ನೋಯತ್ತೆ ಅಂತಿದ್ದ," ಎಂದಳು. "ಮಲಗೋಕಾಗ್ತಿಲ್ಲ ಅಂತಿದ್ದ. ನಿನ್ನ ಹೊರಳಾಟದಲ್ಲಿ ನನಗೆ ನಿದ್ದೆ ಇಲ್ಲ, ಹೋಗಿ ಆಚೆ ಸೋಫಾ ಮೇಲೆ ಮಲಗು ಅಂದೆ. ಆಮೇಲೆ ಅವನು ಅಲ್ಲೇ ಮಲಗ್ತಿದ್ದ."

ಲೌರಿ ಸುಲಿದ ಆಲೂಗಡ್ಡೆಯನ್ನು ನೀರಿಗೆ ಹಾಕಿ ಇನ್ನೊಂದನ್ನು ಕೈಗೆತ್ತಿಕೊಂಡಳು.