ಕದಲಿದ್ದ ರಾಜ

ದಾಂಬಾ ಮೇಷ್ಟ್ರು ಚೆಸ್ ಮಣೆಯ ಮೇಲಿನ ರಾಜನನ್ನು ಎತ್ತಿ ಎರಡು ಮನೆ ಎಡಕ್ಕೆ ಇಟ್ಟರು. ಅದೇ ಕೈಯಲ್ಲಿ ಮೂಲೆಯ ಆನೆಯನ್ನು ತಂದು ರಾಜನ ಈಚೆ ಮಗ್ಗುಲಿಗೆ ಕೂರಿಸಿ, ಗಡಿಯಾರದ ಗುಂಡಿ ಒತ್ತಿದರು. ನೋಡಿದವರಿಗೆ ಚೊಕ್ಕವಾದ ಕ್ಯಾಸ್ಲಿಂಗ್. ಮೇಜಿನ ಪಕ್ಕದಲ್ಲೇ ನಿಂತಿದ್ದ ತೀರ್ಪುಗಾರ್ತಿ ಯಂಜ್ಮಾಳಿಗೆ ಮಾತ್ರ ಅದರಲ್ಲಿನ ತಪ್ಪು ಕಂಡಿತು.

ಆ ರಾಜ ಆಗಲೇ ಒಮ್ಮೆ ಕದಲಿದ್ದ. ಎಂಟನೆಯ ನಡೆಯಲ್ಲಿ ಎದುರಾಳಿಯ ಒಂಟೆ ಚೆಕ್ ಕೊಟ್ಟಾಗ ಒಂದು ಮನೆ ಪಕ್ಕಕ್ಕೆ ಸರಿದು, ಗಂಟೆ ಕಳೆದ ಮೇಲೆ ಸದ್ದಿಲ್ಲದೆ ಸ್ವಸ್ಥಾನಕ್ಕೆ ಮರಳಿದ್ದ. ಒಮ್ಮೆ ಕದಲಿದ ರಾಜನಿಗೆ ಆ ಆಟದಲ್ಲಿ ಮತ್ತೆ ಕ್ಯಾಸ್ಲಿಂಗ್ ಇಲ್ಲ, ತನ್ನ ಮನೆಗೆ ವಾಪಸಾದರೂ ಇಲ್ಲ. ಯಂಜ್ಮಾಳಿಗೆ ಹತ್ತನೆಯ ವಯಸ್ಸಿನಲ್ಲಿ ಎರ್ದೆನೆತ್ ಊರಿನ ಶಾಲೆಯಲ್ಲಿ ಇದನ್ನು ಹೇಳಿಕೊಟ್ಟವರು ಇದೇ ಮೇಷ್ಟ್ರು.

ಅವಳು ಬಾಯಿ ತೆರೆಯಬೇಕಿತ್ತು. ತಪ್ಪು ನಡೆ ಕಂಡ ತೀರ್ಪುಗಾರರು ಯಾರೂ ಕೇಳುವ ತನಕ ಕಾಯುವಂತಿಲ್ಲ. ಆದರೆ ಅರ್ಧ ಗಂಟೆಯ ಹಿಂದಷ್ಟೇ ಮೇಷ್ಟ್ರು ಹಳೆಯ ಅಭ್ಯಾಸಬಲದಿಂದ ಎಡಗೈಯಲ್ಲಿ ಎದುರಾಳಿಯ ಕುದುರೆಯನ್ನು ಎತ್ತಿ, ಬಲಗೈಯಲ್ಲಿ ತಮ್ಮ ಕಾಯಿ ಇಟ್ಟು ಗುಂಡಿ ಒತ್ತಿದ್ದರು. ಎರಡು ಕೈ ಬಳಸಿದ್ದೂ ತಪ್ಪು ನಡೆಯ ಲೆಕ್ಕವೇ. ಯಂಜ್ಮಾಳೇ ಗಡಿಯಾರ ನಿಲ್ಲಿಸಿ ಎದುರಾಳಿಗೆ ಎರಡು ನಿಮಿಷ ಹೆಚ್ಚಿಗೆ ಕೊಟ್ಟಿದ್ದಳು. ಎರಡನೆಯ ಸಲವಾದರೆ ಆಟವೇ ಹೋಯಿತು.

ಅರವತ್ತೆಂಟರ ಮೇಷ್ಟ್ರಿಗೆ ಇದು ಕೊನೆಯ ಸುತ್ತು. ನಲವತ್ತು ವರ್ಷ ಕೈಗೆಟುಕದ ಮಾಸ್ಟರ್ ಪದವಿಗೆ ಇನ್ನೊಂದೇ ಗೆಲುವು ಬೇಕಿತ್ತು. ಎದುರಿಗೆ ಕೂತಿದ್ದ ಉದ್ವಲ್, ದರ್ಖಾನ್ ಪಟ್ಟಣದ ಆಸ್ಪತ್ರೆಯ ನರ್ಸ್, ತನ್ನ ಗಡಿಯಾರದ ಕೊನೆಯ ನಿಮಿಷಗಳನ್ನೇ ದಿಟ್ಟಿಸುತ್ತಿದ್ದಳು. ಆಟ ಸಮವಾದರೂ ಸಾಕು, ಅವಳು ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಆಯ್ಕೆಯಾಗುತ್ತಿದ್ದಳು. ಅವಳು ತಲೆ ಎತ್ತದೆ ಆ ನಡೆಯನ್ನು ಹಾಳೆಯಲ್ಲಿ ಗೀಚಿ, ಮಂತ್ರಿಯನ್ನು ಸರಿಸಿದಳು.

ಅವಳಿಗೇ ಕಾಣಲಿಲ್ಲವಲ್ಲ, ನಾನ್ಯಾಕೆ ಹೇಳಲಿ ಎಂದುಕೊಂಡಳು ಯಂಜ್ಮಾ. ಆಮೇಲೆ, ಈಗಲೂ ಹೇಳಬಹುದು ಎಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ಹನ್ನೆರಡು ನಡೆ ಕಳೆದು, ಉದ್ವಲ್ ಕೈ ಚಾಚಿ ಸೋಲೊಪ್ಪಿಕೊಂಡಳು. ಮೂವರೂ ಹಾಳೆಗೆ ಸಹಿ ಹಾಕಿದರು. ಜನ ಮೇಷ್ಟ್ರನ್ನು ಮುತ್ತಿಕೊಂಡು ಬೆನ್ನು ತಟ್ಟಿದರು. ಉದ್ವಲ್ ಬೂಟಿನ ಜಿಪ್ ಎಳೆದುಕೊಂಡು ಬಸ್ಸಿಗೆ ಓಡಿದಳು.

ಮರುದಿನ ಮಧ್ಯಾಹ್ನ ಮೇಷ್ಟ್ರು ಯಂಜ್ಮಾಳ ಮನೆ ಬಾಗಿಲು ಬಡಿದರು. ಹೊರಗೆ ಮೈನಸ್ ಮೂವತ್ತು ಡಿಗ್ರಿ ಚಳಿ, ಹುಬ್ಬಿನ ಮೇಲೆಲ್ಲ ಮಂಜುಗಟ್ಟಿತ್ತು. ಕೋಟು ಕಳಚದೆ ಕೂತರು. ಅವಳು ಕೊಟ್ಟ ಉಪ್ಪು ಹಾಲಿನ ಚಹಾದ ಬಟ್ಟಲನ್ನು ತೆಗೆದುಕೊಂಡು, ತುಟಿಗೂ ತಾಗಿಸದೆ ಕೆಳಗಿಟ್ಟರು. ಹಾಗೆ ಮಾಡುವವರಲ್ಲ ಅವರು.

"ರಾತ್ರಿ ಆಟಾನ ಮತ್ತೆ ಆಡಿ ನೋಡ್ತಾ ಕೂತಿದ್ದೆ," ಎಂದು ಹಾಳೆ ಬಿಡಿಸಿದರು. "ಇಪ್ಪತ್ತಾರನೇ ನಡೆ, ಆ ಕ್ಯಾಸ್ಲಿಂಗ್. ಆಗ ನೀನು ಎಲ್ಲಿ ನಿಂತಿದ್ದೆ?"

"ಅಲ್ಲೇ, ಮೇಷ್ಟ್ರೇ."

"ಕಂಡಿತ್ತಾ ನಿಂಗೆ?"

ಇಲ್ಲ ಎನ್ನುವ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂದಿತ್ತು. ಅವರ ಮುಖ ನೋಡಿ ಆಡಲಾಗಲಿಲ್ಲ.

"ಕಂಡಿತ್ತು."

ಮೇಷ್ಟ್ರು ಹಾಳೆ ಮಡಚಿದರು. "ನಂಗೆ ನಿಜವಾಗ್ಲೂ ಮರೆತುಹೋಗಿತ್ತು ಕಣೇ. ವಯಸ್ಸಾಯ್ತು, ಮರೀತು. ಸೋತಿದ್ರೆ ಎರಡು ದಿನ ಬೈಕೊಂಡು ಸುಮ್ನಾಗ್ತಿದ್ದೆ. ನೀನು ನನ್ನ ಕಳ್ಳನ್ನ ಮಾಡಿ ಕೂರಿಸಿದ್ಯಲ್ಲ."

"ನಲವತ್ತು ವರ್ಷ ಕಾದಿದ್ರಿ..."

"ಕಾದಿದ್ದು ನಾನು! ಅಯ್ಯೋ ಪಾಪ ಅನ್ನು ಅಂತ ನಿನ್ನ ಕೇಳಿದ್ನಾ? ಆ ಹುಡುಗಿ ಏನು ಮಾಡಿದ್ಲು ನಿಂಗೆ?"

ಮೇಜಿನ ಪಕ್ಕ ನಿಂತಿದ್ದಾಗ ಉದ್ವಲ್‌ಗೆ ಆಗುವ ನಷ್ಟ ಯಂಜ್ಮಾಳ ಲೆಕ್ಕಕ್ಕೇ ಬಂದಿರಲಿಲ್ಲ.

ಅಂದೇ ಯಂಜ್ಮಾ ಚೆಸ್ ಸಂಘಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಎರಡು ವಾರದ ಮೇಲೆ ಉತ್ತರ ಬಂತು: ಆಟ ಮುಗಿದ ಮೇಲೆ ತಪ್ಪು ನಡೆ ಗೊತ್ತಾದರೆ ಫಲಿತಾಂಶ ಬದಲಾಗುವುದಿಲ್ಲ, ಯಂಜ್ಮಾ ಮೂರು ವರ್ಷ ತೀರ್ಪುಗಾರ್ತಿಯಾಗಿ ಕೂರುವಂತಿಲ್ಲ. ಮೇಷ್ಟ್ರಿಗೆ ಪದವಿ ಉಳಿಯಿತು. ಅವರು ಅದನ್ನು ತೆಗೆದುಕೊಳ್ಳಲು ಹೋಗಲಿಲ್ಲ.

ಉದ್ವಲ್‌ಗೆ ಫೋನ್ ಮಾಡಲು ಯಂಜ್ಮಾಳಿಗೆ ಇನ್ನೂ ಒಂದು ವಾರ ಹಿಡಿಯಿತು. ಅತ್ತ ಕಡೆಯಿಂದ ಬೈಗುಳ ಬರಲಿಲ್ಲ.

"ನಂಗೂ ಕಾಣಿಸಬೇಕಿತ್ತು ಅಕ್ಕ, ನಿಜ," ಎಂದಳು ಉದ್ವಲ್. "ಆದ್ರೆ ನಂಗೆ ಸಮಯ ಇರಲಿಲ್ಲ. ನೀವು ಪಕ್ಕದಲ್ಲೇ ಇದ್ದೀರಲ್ಲ, ಏನಾದ್ರೂ ಆದ್ರೆ ನೀವು ಹೇಳ್ತೀರ ಅಂತ ಧೈರ್ಯವಾಗಿದ್ದೆ."

ಯಂಜ್ಮಾ ಕ್ಷಮೆ ಕೇಳಿದಳು. "ಸರಿ, ಡ್ಯೂಟಿ ಇದೆ," ಎಂದು ಉದ್ವಲ್ ಫೋನ್ ಇಟ್ಟಳು.

ಮಾರ್ಚ್‌ನಲ್ಲಿ ಉದ್ವಲ್ ತಾನಾಗಿಯೇ ಫೋನ್ ಮಾಡಿದಳು. ದಾಂಬಾ ಮೇಷ್ಟ್ರು ಬಸ್ಸು ಹತ್ತಿ ದರ್ಖಾನ್‌ಗೆ ಬಂದಿದ್ದರಂತೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇಪ್ಪತ್ತಾರನೆಯ ನಡೆಗೆ ಮುಂಚೆ ಇದ್ದ ಹಾಗೆ ಕಾಯಿ ಜೋಡಿಸಿ, ಕ್ಯಾಸ್ಲಿಂಗ್ ಮಾಡದೆ ಅಲ್ಲಿಂದ ಆಡಿದರಂತೆ. ಮಾಂಸ ತುಂಬಿದ ಬಿಸಿ ಕಡುಬು, ಬೂಜ್, ತಿಂದು, ಬಂದ ಬಸ್ಸಿಗೇ ವಾಪಸಾದರಂತೆ.

"ಯಾರು ಗೆದ್ರು?" ಕೇಳಿದಳು ಯಂಜ್ಮಾ.

"ಅದು ನಮ್ಮಿಬ್ಬರಲ್ಲೇ ಇರ್ಲಿ ಅಂದಿದ್ದಾರೆ ಅಕ್ಕ. ನೀವು ತಪ್ಪು ತಿಳ್ಕೋಬೇಡಿ. ಮೇಷ್ಟ್ರು ಬಂದಿದ್ರು ಅಂತ ನಿಮಗೆ ಗೊತ್ತಿರ್ಲಿ ಅನ್ನಿಸ್ತು, ಅಷ್ಟೇ."

ಆ ಶನಿವಾರ ಯಂಜ್ಮಾ ಚೆಸ್ ಕ್ಲಬ್ಬಿಗೆ ಹೋದಳು. ಮೇಷ್ಟ್ರು ಕಿಟಕಿಯ ಹತ್ತಿರ ಯಾರ ಜೊತೆಗೋ ಆಡುತ್ತಿದ್ದರು. ಅವಳನ್ನು ನೋಡಿ ತಲೆಯಾಡಿಸಿದರು, ಬಾ ಎನ್ನಲಿಲ್ಲ. ಖಾಲಿ ಮೇಜುಗಳು ಎಷ್ಟೋ ಇದ್ದವು. ಅವಳು ಕೋಟಿನ ಗುಂಡಿ ಬಿಚ್ಚದೆ ತುಸು ಹೊತ್ತು ಬಾಗಿಲಲ್ಲೇ ನಿಂತಿದ್ದು, ಒಳಗೆ ಬಂದು ಅವರಿಂದ ದೂರದ ಮೇಜಿಗೆ ಕೂತಳು.